ಅಕ್ಕಿಪೇಟೆಯಿಂದ ಅಳೆದ ದೂರ

ಬೆಂಗಳೂರಿನ ಅಕ್ಕಿಪೇಟೆಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆ ಬೆಳೆಯುತ್ತ ಹೋದಂತೆ ಅಕ್ಕಿಗೊಂದು, ರಾಗಿಗೊಂದು, ಬಳೆಗೊಂದು, ತರಗಿಗೊಂದು ಬೀದಿ ಏರ್ಪಟ್ಟಿತು. ಹೊರಗಿನ ಸೀಮೆಗಳಿಂದ ಧಾನ್ಯ ಹೊತ್ತ ಗಾಡಿಗಳು ದಿನಗಟ್ಟಲೆ ನಡೆದು ಇಂಥ ಬೀದಿಗಳಿಗೆ ಬಂದು ಸೇರುತ್ತಿದ್ದವು. ಆಗ ದೂರವೆಂದರೆ ಹರದಾರಿ, ಗಾವುದ, ಮಜಲು. ಒಂದು ಊರಿಗೆ ಎಷ್ಟು ಮಜಲು ಎಂದು ಕೇಳಿದರೆ ಸಿಗುವ ಉತ್ತರದಲ್ಲಿ ಬರಿಯ ಸಂಖ್ಯೆಯಷ್ಟೇ ಇರುತ್ತಿರಲಿಲ್ಲ. ಎತ್ತುಗಳಿಗೆ ನೀರು ಎಲ್ಲಿ, ಮೇವು ಎಲ್ಲಿ, ರಾತ್ರಿ ತಂಗಲು ಛತ್ರ ಎಲ್ಲಿ, ಯಾವ ಹೊಳೆ ಯಾವ ತಿಂಗಳಲ್ಲಿ ದಾಟಲು ಬಾರದು ಎಂಬುದೆಲ್ಲವೂ ಸೇರಿರುತ್ತಿತ್ತು. ದೂರದ ಲೆಕ್ಕದೊಳಗೇ ಅದರ ವೆಚ್ಚದ ಲೆಕ್ಕವೂ ಅಡಗಿತ್ತು.

ಸಗಟು ಧಾನ್ಯ ವ್ಯಾಪಾರದ ಬಹುಭಾಗ ಯಶವಂತಪುರದ ಮಾರುಕಟ್ಟೆ ಪ್ರಾಂಗಣಕ್ಕೆ ಹೋದಮೇಲೂ ಅಕ್ಕಿಪೇಟೆಯ ಹೆಸರು ಉಳಿದಿದೆ. ಅದರ ಮಗ್ಗುಲಲ್ಲೇ ರೈಲು ನಿಲ್ದಾಣವೂ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವೂ ಇವೆ. ಬೆಳಗಿನ ಐದು ಗಂಟೆಯ ಹೊತ್ತಿಗೆ ಮಲೆನಾಡಿನ ರಾತ್ರಿ ಬಸ್ಸುಗಳು ಅಲ್ಲಿ ಬಂದು ನಿಲ್ಲುತ್ತವೆ. ಇಳಿಯುವವರಲ್ಲಿ ಅಡಿಕೆಯ ವ್ಯವಹಾರಕ್ಕೆ ಬಂದವರು, ಆಸ್ಪತ್ರೆಗೆ ಬಂದವರು, ನ್ಯಾಯಾಲಯಕ್ಕೆ ಬಂದವರು ಇರುವಂತೆಯೇ ಈಗೀಗ ಎರಡು ದೊಡ್ಡ ಪೆಟ್ಟಿಗೆಗಳೊಡನೆ ವಿಮಾನ ನಿಲ್ದಾಣದ ಬಸ್ಸು ಹುಡುಕುವ ಯುವಕ ಯುವತಿಯರೂ ಇದ್ದಾರೆ. ಅವರ ಜೊತೆಗೆ ಬಂದ ತಂದೆತಾಯಿಯರ ಕೈಯಲ್ಲಿ ಹಪ್ಪಳ, ಉಪ್ಪಿನಕಾಯಿಯ ಚೀಲ. ಮಕ್ಕಳ ಕೈಯ ಮೊಬೈಲಿನಲ್ಲಿ ಮಾತ್ರ ಪ್ರಯಾಣ ಒಂದೇ ಸಾಲಿನಲ್ಲಿ ಮುಗಿದಿರುತ್ತದೆ: ಹೊರಡುವ ನಿಲ್ದಾಣ, ತಲುಪುವ ನಿಲ್ದಾಣ, ನಡುವೆ ಇಷ್ಟು ಕಿಲೋಮೀಟರು, ಇಷ್ಟು ಗಂಟೆ. ನೀರು, ಮೇವುಗಳ ಲೆಕ್ಕ ಆ ಸಾಲಿನಲ್ಲಿಲ್ಲ. ಆ ಸಾಲಿನೊಳಗೆ ಏನಿದೆ, ಏನು ಬಿಟ್ಟುಹೋಗಿದೆ ಎಂಬುದನ್ನು ಬಿಡಿಸಿ ನೋಡುವುದು ಮಲೆನಾಡಿನ ವಿದ್ಯಾರ್ಥಿಗಳಿಗೂ ಹಿರಿಯರಿಗೂ ಇಂದು ಅಗತ್ಯವಾಗಿದೆ.

ಉದಾಹರಣೆಗೆ ಎಲ್ಲಕ್ಕಿಂತ ದೂರದ ಒಂದು ದಾರಿಯನ್ನೇ ಆರಿಸಿಕೊಳ್ಳಬಹುದು. 2021ರ ಜನವರಿ 9ರ ಶನಿವಾರ ರಾತ್ರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಹೊರಟಿತು. ಅದನ್ನು ನಡೆಸಿದವರೆಲ್ಲರೂ ಮಹಿಳಾ ಪೈಲಟ್‌ಗಳು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ಮುಂದಾಳು. ಉತ್ತರ ಧ್ರುವದ ಮೇಲಿನಿಂದ ಹಾರಿ, ಎಲ್ಲಿಯೂ ಇಳಿಯದೆ, ಅದು ಜನವರಿ 11ರ ಸೋಮವಾರ ನಸುಕಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಎರಡು ನಿಲ್ದಾಣಗಳ ನಡುವಿನ ನೇರ ದೂರ 13,993 ಕಿಲೋಮೀಟರು. ಹಾರಾಟದ ಅವಧಿ ಸುಮಾರು 17 ಗಂಟೆ. ಕರ್ನಾಟಕಕ್ಕೂ ಅಮೆರಿಕಕ್ಕೂ ನಡುವೆ ನೇರ ವಿಮಾನ ಸಂಪರ್ಕ ದೊರೆತದ್ದು ಅದೇ ಮೊದಲು.

ಶನಿವಾರ ರಾತ್ರಿ ಹೊರಟು 17 ಗಂಟೆ ಹಾರಿದವರು ಭಾನುವಾರ ತಲುಪಬೇಕಲ್ಲವೆ? ಸೋಮವಾರ ತಲುಪಿದ್ದು ಹೇಗೆ? ಬೆಂಗಳೂರಿನ ಗಡಿಯಾರ ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅಮೆರಿಕದವರು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವುದರಿಂದ ಆ ತಿಂಗಳುಗಳಲ್ಲಿ ವ್ಯತ್ಯಾಸ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ. ಹಾರಾಟದ 17 ಗಂಟೆಗೆ ಈ ಹದಿಮೂರೂವರೆ ಗಂಟೆ ಕೂಡಿದಾಗ ಇಡೀ ಭಾನುವಾರ ಆಕಾಶದಲ್ಲಿಯೇ ಕರಗಿಹೋಯಿತು. ಮರುಪ್ರಯಾಣದಲ್ಲಿ ಇದು ತಿರುವುಮುರುವು. ಚಳಿಗಾಲದ ಒಂದು ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟವರು 16 ಗಂಟೆ ಹಾರಿದರೂ ಅದೇ ದಿನ ಸಂಜೆ ಐದಕ್ಕೆ ಅಲ್ಲಿ ಇಳಿಯುತ್ತಾರೆ. ಗಡಿಯಾರದ ಮಾತನ್ನಷ್ಟೇ ನಂಬಿದರೆ ಪ್ರಯಾಣಕ್ಕೆ ತಗುಲಿದ್ದು ಎರಡೂವರೆ ಗಂಟೆ. ದೇಹಕ್ಕೆ ಮಾತ್ರ ನಿಜ ಗೊತ್ತಿರುತ್ತದೆ. ವಾರಗಟ್ಟಲೆ ನಿದ್ದೆ ಹತ್ತದೆ ಅದು ತನ್ನ ಬಾಕಿಯನ್ನು ವಸೂಲು ಮಾಡುತ್ತದೆ.

ದೂರದ ಸಂಗತಿಯಲ್ಲಿಯೂ ಕಣ್ಣು ಮೋಸಹೋಗುತ್ತದೆ. ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಡಿಪಟ್ಟಿ ಇಟ್ಟು ಗೆರೆ ಎಳೆದರೆ ಅದು ಅರಬ್ಬೀ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ಸಾಗರಗಳನ್ನು ದಾಟಿ ಹೋಗುತ್ತದೆ. ಅದೇ ಎರಡು ಊರುಗಳ ನಡುವೆ ಗೋಳದ ಮೇಲೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ದಾರ ತಾನಾಗಿ ಉತ್ತರಕ್ಕೆ ಸರಿಯುತ್ತದೆ. ಹಿಮಾಲಯ, ಚೀನಾ, ಸೈಬೀರಿಯಗಳನ್ನು ಹಾದು, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಆಮೇಲೆ ಅಲಾಸ್ಕದ ಕಡೆಯಿಂದ ಕೆಳಗಿಳಿಯುತ್ತದೆ. ದುಂಡಗಿನ ಭೂಮಿಯ ಮೇಲೆ ಎರಡು ಬಿಂದುಗಳ ನಡುವಿನ ಅತ್ಯಂತ ಚಿಕ್ಕ ದಾರಿ ಇದು; ಗಣಿತದಲ್ಲಿ ಇದಕ್ಕೆ ಮಹಾವೃತ್ತದ ದಾರಿ ಎಂದು ಹೆಸರು. 13,993 ಕಿಲೋಮೀಟರು ಎಂಬುದು ಈ ದಾರದ ಉದ್ದ. ಒಂದು ಗೋಳ, ಒಂದು ನೂಲು ಇದ್ದರೆ ಯಾವ ಹಳ್ಳಿಯ ಶಾಲೆಯಲ್ಲಾದರೂ ಮಕ್ಕಳು ಇದನ್ನು ಮಾಡಿ ನೋಡಬಹುದು.

ಆದರೆ ವಿಮಾನಗಳು ದಾರದ ಮೇಲೆಯೇ ಹಾರಬೇಕೆಂದಿಲ್ಲ. 2021ರ ಆ ಮೊದಲ ಹಾರಾಟವು ಕ್ರಮಿಸಿದ ದೂರ ಸುಮಾರು 16,000 ಕಿಲೋಮೀಟರು ಎಂದು ಆಗ ವರದಿಯಾಗಿತ್ತು. ಹೀಗೆ ಸುತ್ತು ಬಳಸಲು ಕಾರಣಗಳು ಹಲವು. ಮೊದಲನೆಯದು ಗಾಳಿ. ಮಧ್ಯ ಅಕ್ಷಾಂಶಗಳ ಎತ್ತರದ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿಯ ಹೊಳೆಗಳು ಹರಿಯುತ್ತವೆ. ಅವು ಬೆನ್ನ ಹಿಂದಿದ್ದರೆ ವಿಮಾನ ಬೇಗ ತಲುಪುತ್ತದೆ, ಎದುರಾದರೆ ತಡವಾಗುತ್ತದೆ. ಹೋಗುವಾಗಿನ ಅವಧಿಗೂ ಬರುವಾಗಿನ ಅವಧಿಗೂ ಒಂದೆರಡು ಗಂಟೆಯ ಅಂತರ ಬೀಳುವುದು ಇದರಿಂದ. ಭೂಮಿ ಕೆಳಗೆ ತಿರುಗುತ್ತಿರುವುದರಿಂದ ಹೀಗಾಗುತ್ತದೆ ಎಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಭೂಮಿಯೊಡನೆ ವಾಯುಮಂಡಲವೂ ತಿರುಗುತ್ತದೆ, ಅದರೊಳಗಿನ ವಿಮಾನವೂ ತಿರುಗುತ್ತದೆ. ಎರಡನೆಯದು ನೆಲದ ಎತ್ತರ. ಹಿಮಾಲಯ ಮತ್ತು ಟಿಬೆಟಿನ ಪ್ರಸ್ಥಭೂಮಿಯ ಮೇಲೆ ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಕೂಡಲೇ ಕೆಳಗಿಳಿಯಲು ಎಡೆಯಿರುವುದಿಲ್ಲ. ಆದುದರಿಂದ ಬಹಳಷ್ಟು ಹಾರಾಟಗಳು ಆ ಪ್ರದೇಶವನ್ನು ಬಳಸಿ ಹೋಗುತ್ತವೆ. ಮೂರನೆಯದು ಮನುಷ್ಯ ಹಾಕಿದ ಬೇಲಿ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ಉತ್ತರ ಭಾರತದಿಂದ ಯುರೋಪು, ಅಮೆರಿಕಗಳಿಗೆ ಹೊರಡುತ್ತಿದ್ದ ಹಾರಾಟಗಳು ಸುತ್ತುದಾರಿ ಹಿಡಿಯಬೇಕಾಯಿತು. ಭೂಗೋಳ ಬದಲಾಗಲಿಲ್ಲ, ದೂರ ಬದಲಾಯಿತು.

ಮಲೆನಾಡಿನವರಿಗೆ ಇದು ಹೊಸ ಸಂಗತಿಯೇನಲ್ಲ. ಎದುರುಗುಡ್ಡದ ಮನೆಯಲ್ಲಿ ದೀಪ ಹಚ್ಚಿದ್ದು ಕಾಣುತ್ತದೆ, ಅಲ್ಲಿಗೆ ಹೋಗಿ ಬರಲು ಅರ್ಧ ದಿನ ಬೇಕು. ಆಗುಂಬೆಯ ಘಾಟಿಯ ತಿರುವುಗಳಲ್ಲಿ ಬಸ್ಸು ಹತ್ತಿ ಇಳಿದವರಿಗೆ ಕಣ್ಣಳತೆಯ ದೂರಕ್ಕೂ ಕಾಲಳತೆಯ ದೂರಕ್ಕೂ ಇರುವ ಅಂತರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ವಿಮಾನದ ವಿಷಯಕ್ಕೆ ಬಂದಾಗ ಈ ಅನುಭವಜ್ಞಾನ ಹಿಂದೆ ಸರಿದು, ನಿಲ್ದಾಣದಿಂದ ನಿಲ್ದಾಣಕ್ಕೆ ಎಷ್ಟು ಗಂಟೆ ಎಂಬ ಅಂಕೆಯೇ ಅಂತಿಮವಾಗಿಬಿಡುತ್ತದೆ. ಬಿಟ್ಟುಹೋದ ಲೆಕ್ಕಗಳು ಎರಡು: ಒಂದು ಇಂಧನದ್ದು, ಇನ್ನೊಂದು ನೆಲದ ಮೇಲಿನ ಪ್ರಯಾಣದ್ದು.

ಮೊದಲಿಗೆ ಇಂಧನ. ಆ ದಾರಿಯಲ್ಲಿ ಹಾರಿದ ಬೋಯಿಂಗ್ 777-200 ಎಲ್‌ಆರ್ ಮಾದರಿಯ ವಿಮಾನದ ಟ್ಯಾಂಕುಗಳಲ್ಲಿ 1,81,283 ಲೀಟರ್ ಇಂಧನ ಹಿಡಿಯುತ್ತದೆ. ತೂಕದಲ್ಲಿ ಸುಮಾರು 145 ಟನ್. ಇಷ್ಟು ದೂರದ ಹಾರಾಟದಲ್ಲಿ ಹೊರಡುವಾಗ ಹೊತ್ತ ಇಂಧನದ ಗಣನೀಯ ಪಾಲು ಉಳಿದ ಇಂಧನವನ್ನು ಹೊರಲೆಂದೇ ಉರಿಯುತ್ತದೆ. ಮೇವಿನ ಹೊರೆಯನ್ನು ಎಳೆಯಲೆಂದೇ ಮತ್ತಷ್ಟು ಮೇವು ತಿನ್ನಬೇಕಾದ ಎತ್ತಿನ ಸ್ಥಿತಿ ಅದು. ಒಂದು ಕಿಲೋ ವಿಮಾನ ಇಂಧನ ಉರಿದರೆ 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ತುಂಬಿದ ಟ್ಯಾಂಕಿನ ಮುಕ್ಕಾಲು ಭಾಗ ಮಾತ್ರ ಖರ್ಚಾಯಿತೆಂದು ಇಟ್ಟುಕೊಂಡರೂ ಉರಿದದ್ದು ಸುಮಾರು 109 ಟನ್, ಹೊರಬಿದ್ದದ್ದು ಸುಮಾರು 344 ಟನ್. ಏರ್ ಇಂಡಿಯಾದ ಆ ವಿಮಾನದಲ್ಲಿದ್ದ ಆಸನಗಳು 238. ಎಲ್ಲ ಆಸನಗಳೂ ಭರ್ತಿಯಾಗಿದ್ದರೆ ತಲೆಗೆ 1.45 ಟನ್. ಹೋಗಿಬರುವ ಪ್ರಯಾಣಕ್ಕೆ ಹತ್ತಿರ ಹತ್ತಿರ 3 ಟನ್. ಒಬ್ಬ ಸರಾಸರಿ ಭಾರತೀಯ ಇಡೀ ವರ್ಷದಲ್ಲಿ, ಅಡುಗೆ, ದೀಪ, ಬಸ್ಸು, ಸಿಮೆಂಟು, ಕಾರ್ಖಾನೆಗಳ ಪಾಲೆಲ್ಲ ಸೇರಿ, ಹೊರಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್.

ಟನ್ನುಗಳ ಮಾತು ಎಷ್ಟೋ ಸಲ ಮನಸ್ಸಿಗೆ ತಾಗುವುದಿಲ್ಲ. ಅದನ್ನು ಮಲೆನಾಡಿಗೆ ಪರಿಚಿತವಾದ ಅಳತೆಗೆ ತರಬಹುದು. 1.45 ಟನ್ ಇಂಗಾಲದ ಡೈಆಕ್ಸೈಡಿನಲ್ಲಿ ಇರುವ ಇಂಗಾಲ ಸುಮಾರು 400 ಕಿಲೋ. ಒಣ ಕಟ್ಟಿಗೆಯ ತೂಕದಲ್ಲಿ ಅರ್ಧ ಭಾಗ ಇಂಗಾಲ. ಎಂದರೆ ಒಂದು ಆಸನದ ಒಂದು ಕಡೆಯ ಪ್ರಯಾಣವು ಸುಮಾರು 800 ಕಿಲೋ ಒಣ ಕಟ್ಟಿಗೆಯನ್ನು ಸುಟ್ಟದ್ದಕ್ಕೆ ಸಮ. ಸುಮಾರಾಗಿ ಒಂದು ಎತ್ತಿನ ಗಾಡಿಯ ಹೇರು. ಅಕ್ಕಿಪೇಟೆಗೆ ಬರುತ್ತಿದ್ದ ಹಳೆಯ ಗಾಡಿಗಳಂತೆಯೇ ಸಾಲಾಗಿ ನಿಂತ 238 ಗಾಡಿ ಕಟ್ಟಿಗೆಯನ್ನು ಕಲ್ಪಿಸಿಕೊಂಡು, ಅದಷ್ಟೂ 16, 17 ಗಂಟೆಗಳಲ್ಲಿ ಉರಿದು ಮುಗಿಯಿತೆಂದು ಭಾವಿಸಿದರೆ ಒಂದು ಹಾರಾಟದ ನಿಜವಾದ ಉದ್ದ ಕಣ್ಣೆದುರು ಬರುತ್ತದೆ. ಇಷ್ಟಾಗಿಯೂ ಈ ಹೋಲಿಕೆ ಕಟ್ಟಿಗೆಗೆ ಅನ್ಯಾಯ ಮಾಡುತ್ತದೆ. ಸುಟ್ಟ ಕಟ್ಟಿಗೆಯ ಇಂಗಾಲವನ್ನು, ಕಾಡಿಗೆ ಬೆಳೆಯಲು ಬಿಟ್ಟರೆ, ಮತ್ತೆ ಚಿಗುರಿದ ಮರ ಹಿಂದಕ್ಕೆ ಪಡೆಯುತ್ತದೆ. ವಿಮಾನದ ಇಂಧನ ಮಾತ್ರ ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಇಂಗಾಲ. ಅದನ್ನು ಹಿಂದಕ್ಕೆ ಪಡೆಯುವ ಚಿಗುರು ಯಾವ ಬುಡದಲ್ಲಿಯೂ ಇಲ್ಲ.

ಇಲ್ಲಿ ಒಂದು ಹಳೆಯ ನೆನಪನ್ನು ತೆಗೆಯುವುದು ಉಚಿತ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಅದರಿಂದ ರೂಪುಗೊಂಡ ಅಸ್ತ್ರ ಒಲೆ ಎಂಬತ್ತರ ದಶಕದಲ್ಲಿ ಕರ್ನಾಟಕದ ಹಳ್ಳಿಹಳ್ಳಿಗೆ ಹೋಯಿತು. ಹೊಗೆ ಕಡಿಮೆ, ಕಟ್ಟಿಗೆ ಕಡಿಮೆ. ಕಾಡು ಉಳಿಯಬೇಕಾದರೆ ಒಲೆ ಬದಲಾಗಬೇಕು ಎಂಬ ಮಾತನ್ನು ಗುಡ್ಡದ ಮೇಲಿನ ಹೆಂಗಸರು ಒಪ್ಪಿಕೊಂಡರು, ಮಣ್ಣು ಕಲಸಿ ಒಲೆ ಹಾಕಿಕೊಂಡರು, ಬಚ್ಚಲ ಹಂಡೆಗೆ ಅಡಿಕೆಯ ಸಿಪ್ಪೆ, ತೆಂಗಿನ ಗರಿ ಒಟ್ಟುವುದನ್ನು ರೂಢಿಸಿಕೊಂಡರು. ಒಂದು ಹೊರೆ ಕಟ್ಟಿಗೆಯ ಉಳಿತಾಯವೂ ದೊಡ್ಡದೆಂದು ಅವರಿಗೆ ಹೇಳಲಾಗಿತ್ತು. ಅದು ನಿಜವೂ ಹೌದು. ಆದರೆ ಒಂದು ಹೊರೆಯ ಲೆಕ್ಕವನ್ನು ಬಡವರಿಂದ ಕೇಳುವ ಸಮಾಜ ಒಂದು ಗಾಡಿಯ ಲೆಕ್ಕವನ್ನು ಉಳ್ಳವರಿಂದ ಕೇಳದಿದ್ದರೆ ಅದನ್ನು ಪರಿಸರ ಕಾಳಜಿ ಎನ್ನಲಾಗದು.

ಕೇಳದಿರುವುದಕ್ಕೆ ಜಾಗತಿಕ ವ್ಯವಸ್ಥೆಯೇ ಅನುವು ಮಾಡಿಕೊಟ್ಟಿದೆ. 1997ರ ಕ್ಯೋಟೋ ಒಪ್ಪಂದದಲ್ಲಿ ಅಂತಾರಾಷ್ಟ್ರೀಯ ವಿಮಾನಯಾನದ ಹೊಗೆಯನ್ನು ಯಾವ ದೇಶದ ಗುರಿಯೊಳಗೂ ಸೇರಿಸದೆ, ಅದನ್ನು ತಗ್ಗಿಸುವ ಹೊಣೆಯನ್ನು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೆ ವಹಿಸಲಾಯಿತು. ಎರಡು ದೇಶಗಳ ನಡುವೆ ಹಾರುವ ವಿಮಾನದ ಹೊಗೆ ಯಾರ ಖಾತೆಗೆ? ಹೊರಟ ದೇಶಕ್ಕೋ, ತಲುಪಿದ ದೇಶಕ್ಕೋ, ಹಾರಿಸಿದ ಕಂಪೆನಿಗೋ? ಪ್ರಶ್ನೆ ಕಠಿಣವೆಂಬ ಕಾರಣಕ್ಕೆ ಉತ್ತರ ಮುಂದಕ್ಕೆ ಹೋಗುತ್ತಲೇ ಬಂತು. 2016ರಲ್ಲಿ ಆ ಸಂಸ್ಥೆ ಒಪ್ಪಿದ ವ್ಯವಸ್ಥೆಯಂತೆ ಕಂಪೆನಿಗಳು ನಿಗದಿತ ಮಟ್ಟವನ್ನು ಮೀರಿದ ಹೊಗೆಗೆ ಪ್ರತಿಯಾಗಿ ಬೇರೆಡೆ ನಡೆಯುವ ಇಂಗಾಲ ಉಳಿತಾಯವನ್ನು ಹಣ ಕೊಟ್ಟು ಕೊಳ್ಳಬಹುದು. ಈ 'ಬೇರೆಡೆ' ಎಂಬ ಮಾತಿನ ಮೇಲೆ ಗುಡ್ಡಗಾಡಿನ ಜನ ಕಣ್ಣಿಡಬೇಕು. ಇಂಗಾಲ ಹೀರಲು ಮರ ನೆಡಬೇಕೆಂದಾಗ ನೆಲ ಹುಡುಕುವುದು ನಗರದಲ್ಲಲ್ಲ. ಬೆಟ್ಟ, ಕಾನು, ಸೊಪ್ಪಿನಬೆಟ್ಟ, ಗೋಮಾಳಗಳಲ್ಲಿ. ಒಂದೇ ಜಾತಿಯ ನೆಡುತೋಪು ಕಾಡಲ್ಲ ಎಂಬುದನ್ನು ಮಲೆನಾಡು ಅಕೇಶಿಯಾದಿಂದ ಕಲಿತಿದೆ. ಆಕಾಶದಲ್ಲಿ ಮಾಡಿದ ಸಾಲಕ್ಕೆ ಊರಿನ ಸೊಪ್ಪಿನಬೆಟ್ಟ ಅಡವಾಗಬಾರದು.

ಈ ಸಾಲದ ಬಡ್ಡಿಯನ್ನು ಗುಡ್ಡಗಾಡು ಈಗಾಗಲೇ ಕಟ್ಟುತ್ತಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಜುಲೈ 30ರಂದು ಕೇರಳದ ವಯನಾಡಿನಲ್ಲಿ ಗುಡ್ಡ ಜರಿದು ಜನ ಸತ್ತರು. ಹೆದ್ದಾರಿಗಾಗಿ ಗುಡ್ಡದ ಬುಡ ಕಡಿದದ್ದು, ಇಳಿಜಾರಿನಲ್ಲಿ ನೆಲದ ಬಳಕೆ ಬದಲಾದದ್ದು ಇಂಥ ದುರಂತಗಳ ಹಿಂದೆ ಇದ್ದೇ ಇವೆ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ಸಲ್ಲದು. ಆದರೆ ವಯನಾಡಿನಲ್ಲಿ ಆ ದಿನ ಸುರಿದ ಮಳೆ, ಭೂಮಿ ಬಿಸಿಯಾದ ಕಾರಣ, ಸುಮಾರು ಶೇಕಡ 10ರಷ್ಟು ಹೆಚ್ಚು ಬಿರುಸಾಗಿತ್ತೆಂದು ಅಂತಾರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಅದೇ ವರ್ಷ ಲೆಕ್ಕ ಹಾಕಿತು. ತೋಟದಲ್ಲಿಯೂ ಈ ಬದಲಾವಣೆಯ ನೆರಳಿದೆ. ಅಡಿಕೆಯ ಕೊಳೆರೋಗಕ್ಕೆ ಶೇಕಡ ಒಂದರ ಬೋರ್ಡೋ ದ್ರಾವಣವನ್ನು ಮಳೆಗಾಲ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸುವುದು ವಾಡಿಕೆ. ಎರಡನೆಯ ಸಿಂಪಡಣೆಗೆ ಎರಡು ದಿನದ ಹೊಳವು ಬೇಕು. ಆ ಹೊಳವು ಸಿಗದ ವರ್ಷ ಗೊನೆಗಳು ಬುಡಕ್ಕೆ ಉದುರುತ್ತವೆ. ಎಂದೂ ವಿಮಾನ ಹತ್ತದ ರೈತನ ಅಂಗಳದಲ್ಲಿ ನಷ್ಟ ಬಂದು ಕೂರುತ್ತದೆ. 2018ರಲ್ಲಿ ಜಗತ್ತಿನ ಜನರ ಪೈಕಿ ವಿಮಾನ ಹತ್ತಿದವರು ಶೇಕಡ 11ರಷ್ಟು ಮಾತ್ರ ಎಂದು 2020ರ ಅಧ್ಯಯನವೊಂದು ಹೇಳುತ್ತದೆ.

ಇನ್ನು ಎರಡನೆಯ ಲೆಕ್ಕ, ನೆಲದ ಮೇಲಿನದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 16 ಗಂಟೆ ಎಂದು ಹೇಳುವಾಗ ಲೆಕ್ಕ ಶುರುವಾಗುವುದು ದೇವನಹಳ್ಳಿಯಲ್ಲಿ. ತೀರ್ಥಹಳ್ಳಿ ಅಥವಾ ಶೃಂಗೇರಿಯ ಕಡೆಯ ಹಳ್ಳಿಯೊಂದರಿಂದ ಹೊರಟ ವಿದ್ಯಾರ್ಥಿಗೆ ಮನೆಯಿಂದ ಬಸ್ಸು ಹಿಡಿಯುವ ಪೇಟೆಗೆ ಒಂದೂವರೆ ಗಂಟೆ, ರಾತ್ರಿ ಬಸ್ಸಿಗೆ ಎಂಟು ಗಂಟೆ, ಮೆಜೆಸ್ಟಿಕ್ಕಿನಿಂದ ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ, ಅಲ್ಲಿಯ ತಪಾಸಣೆಗಳಿಗೆ ಮೂರು ಗಂಟೆ, ಅತ್ತ ಇಳಿದು ಹೊರಬಂದು ಕೋಣೆ ಸೇರಲು ಎರಡು ಗಂಟೆ. ಕೂಡಿದರೆ ಇದೂ 16 ಗಂಟೆಯೇ. ಒಟ್ಟು ಪ್ರಯಾಣ 32 ಗಂಟೆ. ಹದಿನಾಲ್ಕು ಸಾವಿರ ಕಿಲೋಮೀಟರಿಗೆ ಅರ್ಧ, ಉಳಿದ ಕೆಲವು ನೂರು ಕಿಲೋಮೀಟರಿಗೆ ಅರ್ಧ. 2008ರ ಮೇ 24ರಂದು ಪ್ರಯಾಣಿಕ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡ ಮೇಲೆ ಪೇಟೆಯಿಂದ ವಿಮಾನಕ್ಕೆ ಇರುವ ದೂರ ಹೆಚ್ಚಿತೇ ಹೊರತು ತಗ್ಗಲಿಲ್ಲ. 2013ರಲ್ಲಿ ಆ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟರು. ಕೆಂಪೇಗೌಡರ ಪೇಟೆಗೂ ಕೆಂಪೇಗೌಡರ ಹೆಸರಿನ ನಿಲ್ದಾಣಕ್ಕೂ ನಡುವೆ ಈಗ ಸುಮಾರು 35 ಕಿಲೋಮೀಟರು.

ಇದೇ ಅಳತೆಗೋಲನ್ನು ಹತ್ತಿರದ ನಿಲ್ದಾಣಕ್ಕೂ ಹಿಡಿಯಬೇಕು. ಶಿವಮೊಗ್ಗದ ಸೋಗಾನೆಯಲ್ಲಿ ಕಟ್ಟಿದ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡಿತು. ಅದರ ಓಡುದಾರಿಯ ಉದ್ದ 3.2 ಕಿಲೋಮೀಟರು, ಹೆಸರು ರಾಷ್ಟ್ರಕವಿ ಕುವೆಂಪು ಅವರದು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 240 ಕಿಲೋಮೀಟರು, ಹಾರಾಟ ಸುಮಾರು ಒಂದೂಕಾಲು ಗಂಟೆ. ಆದರೆ ಅಕ್ಕಿಪೇಟೆಯಿಂದ ಅಳೆದು ನೋಡಿದರೆ? ದೇವನಹಳ್ಳಿಗೆ ಒಂದೂವರೆ ಗಂಟೆ, ಅಲ್ಲಿ ಕಾಯಲು ಒಂದೂವರೆ ಗಂಟೆ, ಹಾರಾಟ, ಇಳಿದು ಶಿವಮೊಗ್ಗ ಪೇಟೆ ಸೇರಲು ಮುಕ್ಕಾಲು ಗಂಟೆ. ಒಟ್ಟು ಐದು ಗಂಟೆ. ಅದೇ ಅಕ್ಕಿಪೇಟೆಯಿಂದ ರೈಲು ನಿಲ್ದಾಣಕ್ಕೆ ನಡೆದೇ ಹೋಗಬಹುದು. ವೇಗದ ರೈಲು ಐದು ಗಂಟೆಯೊಳಗೆ ಶಿವಮೊಗ್ಗದಲ್ಲಿ ಇಳಿಸುತ್ತದೆ. ಕಾಲದಲ್ಲಿ ಉಳಿದದ್ದು ಏನೂ ಇಲ್ಲವೆನ್ನಬಹುದು. ಇಂಧನದಲ್ಲಿ ಮಾತ್ರ ವ್ಯತ್ಯಾಸ ಅಜಗಜಾಂತರ. ವಿಮಾನ ಅತಿ ಹೆಚ್ಚು ಇಂಧನ ಉರಿಸುವುದು ಮೇಲೇರುವಾಗ. ದಾರಿ ಚಿಕ್ಕದಾದಷ್ಟೂ ಕಿಲೋಮೀಟರಿಗೆ ಬೀಳುವ ಹೊರೆ ಹೆಚ್ಚು.

ಸ್ಯಾನ್ ಫ್ರಾನ್ಸಿಸ್ಕೋಗೆ ರೈಲು ಇಲ್ಲ, ಶಿವಮೊಗ್ಗಕ್ಕೆ ಇದೆ. ವಿವೇಕದ ಗೆರೆ ಎಳೆಯಬೇಕಾದದ್ದು ಇಲ್ಲಿ. ಓದಿಗಾಗಿ, ದುಡಿಮೆಗಾಗಿ ಕಡಲಾಚೆ ಹೋದ ಮಕ್ಕಳನ್ನು ಅಪರಾಧಿಗಳಂತೆ ಕಾಣುವುದು ನ್ಯಾಯವಲ್ಲ. ಅಡಿಕೆಯ ಬೆಲೆ ಕುಸಿದ ವರ್ಷಗಳಲ್ಲಿ ಎಷ್ಟೋ ಮನೆಗಳ ಮಾಡಿನ ಹಂಚು ಬದಲಾದದ್ದು ಅವರು ಕಳುಹಿಸಿದ ಹಣದಿಂದ. ಹಾಸಿಗೆ ಹಿಡಿದ ತಾಯಿಯನ್ನು ನೋಡಲು ಹದಿನಾಲ್ಕು ಸಾವಿರ ಕಿಲೋಮೀಟರು ಹಾರಿ ಬರುವ ಮಗಳಿಗೆ ಇಂಗಾಲದ ಉಪದೇಶ ಮಾಡುವುದು ಮನುಷ್ಯತ್ವವಲ್ಲ. ಹೃದಯಾಘಾತವಾದ ರೋಗಿಗೆ ಶಿವಮೊಗ್ಗದ ನಿಲ್ದಾಣ ಆಸರೆಯಾದರೆ ಅದನ್ನು ಸ್ವಾಗತಿಸಲೇಬೇಕು. ಪ್ರಶ್ನೆ ಇರುವುದು ಬದಲಿ ದಾರಿಯೇ ಇಲ್ಲದ ಪ್ರಯಾಣದ ಬಗೆಗಲ್ಲ; ಬದಲಿ ದಾರಿ ಕಣ್ಣೆದುರಿಗಿದ್ದರೂ ಅದನ್ನು ಸೊರಗಲು ಬಿಟ್ಟು, ವೇಗವೊಂದನ್ನೇ ಅಭಿವೃದ್ಧಿಯೆಂದು ಬಗೆಯುವ ಯೋಜನೆಯ ಬಗೆಗೆ.

ಆ ಯೋಜನಾದೃಷ್ಟಿ ಏನನ್ನು ಕಾಣಲಿಲ್ಲ ಎಂಬುದಕ್ಕೆ ಶರಾವತಿಯ ಹಿನ್ನೀರೇ ಸಾಕ್ಷಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಸೀಮೆಯ ಊರುಗಳು ನೀರಿನಾಚೆ ಉಳಿದವು. ನಿನ್ನೆಯವರೆಗೆ ನಡೆದು ಹೋಗುತ್ತಿದ್ದ ದೂರ ಒಮ್ಮೆಲೇ ಲಾಂಚಿಗಾಗಿ ಕಾಯುವ ದೂರವಾಯಿತು. ಇಲ್ಲವೇ ಗುಡ್ಡಗಳನ್ನು ಸುತ್ತಿ ಬರುವ ಹಲವು ಗಂಟೆಗಳ ದೂರವಾಯಿತು. ಕತ್ತಲಾದ ಮೇಲೆ ಲಾಂಚಿಲ್ಲ. ಹೆರಿಗೆಯ ನೋವಿಗೆ, ಹಾವು ಕಚ್ಚಿದ್ದಕ್ಕೆ ಬೆಳಗಾಗುವವರೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಆ ನೀರಿನಿಂದ ಹುಟ್ಟಿದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಂಬಾರಗೋಡ್ಲು, ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು, ಅಣೆಕಟ್ಟಿನ ಅರವತ್ತೊಂದು ವರ್ಷಗಳ ಬಳಿಕ. ಧ್ರುವದ ಮೇಲಿನಿಂದ ಬೆಂಗಳೂರಿಗೆ ನೇರ ವಿಮಾನ ಬಂದು ಆಗಲೇ ನಾಲ್ಕು ವರ್ಷ ಕಳೆದಿತ್ತು. ಒಂದು ನಾಡು ಹದಿನಾಲ್ಕು ಸಾವಿರ ಕಿಲೋಮೀಟರನ್ನು ಮೊದಲು ದಾಟಿ ಎರಡು ಕಿಲೋಮೀಟರನ್ನು ಆಮೇಲೆ ದಾಟಿದೆ ಎಂದರೆ ಅದರ ಅಳತೆಗೋಲು ಯಾರ ಕೈಯಲ್ಲಿತ್ತು ಎಂಬುದು ತಿಳಿಯುತ್ತದೆ.

ಆದುದರಿಂದ ಮುಂದೆ ಯಾವುದೇ ರಸ್ತೆ, ರೈಲು, ವಿಮಾನ ನಿಲ್ದಾಣದ ಯೋಜನೆ ಮಲೆನಾಡಿನ ಹೆಸರಿನಲ್ಲಿ ಬಂದಾಗ ಗ್ರಾಮಸಭೆಗಳು ಮೂರು ಪ್ರಶ್ನೆಗಳನ್ನು ಕೇಳಬೇಕು. ಉಳಿಯುತ್ತದೆಂದು ಹೇಳುವ ಸಮಯವನ್ನು ಎಲ್ಲಿಂದ ಎಲ್ಲಿಗೆ ಅಳೆದಿದ್ದಾರೆ, ನಿಲ್ದಾಣದಿಂದಲೋ ಮನೆಯ ಬಾಗಿಲಿನಿಂದಲೋ? ಉಳಿದ ಆ ಸಮಯ ಯಾರದು, ಅದಕ್ಕಾಗಿ ನೆಲ, ನೀರು, ಮರ ಕಳೆದುಕೊಳ್ಳುವವರು ಯಾರು? ಅದೇ ಹಣದಲ್ಲಿ ಸಂಜೆ ಆರರ ನಂತರ ಹಳ್ಳಿಗೊಂದು ಬಸ್ಸು, ಈಗಿರುವ ಶಿವಮೊಗ್ಗ, ತಾಳಗುಪ್ಪದ ಹಳಿಯ ಮೇಲೆ ಇನ್ನೊಂದು ರೈಲು, ಹೋಬಳಿಗೊಂದು ಆಂಬುಲೆನ್ಸು ಓಡಿಸಿದ್ದರೆ ಒಟ್ಟು ಎಷ್ಟು ಜನರ ಎಷ್ಟು ಗಂಟೆ ಉಳಿಯುತ್ತಿತ್ತು? ಈ ಕೊನೆಯ ಲೆಕ್ಕವನ್ನು ಯಾವ ಇಲಾಖೆಯೂ ಮಾಡಿಕೊಡುವ ಸೂಚನೆ ಇಲ್ಲ; ಊರಿನವರೇ ಮಾಡಬೇಕು.

ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಅಭ್ಯಾಸವಾದೀತು. ಗೋಳದ ಮೇಲೆ ದಾರ ಹಿಡಿದು ದೂರದ ಎರಡು ವಿಮಾನ ನಿಲ್ದಾಣಗಳ ನಡುವಿನ ಉದ್ದವನ್ನು ಅಳೆಯಲಿ. ಆಮೇಲೆ ಅದೇ ವಹಿಯ ಮುಂದಿನ ಪುಟದಲ್ಲಿ ತಮ್ಮ ಊರಿನಿಂದ ಶಾಲೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ನ್ಯಾಯಬೆಲೆ ಅಂಗಡಿಗೆ, ತಾಲ್ಲೂಕು ಕಚೇರಿಗೆ ಮಳೆಗಾಲದಲ್ಲಿ ಎಷ್ಟು ಹೊತ್ತು, ಬೇಸಿಗೆಯಲ್ಲಿ ಎಷ್ಟು ಹೊತ್ತು ಎಂದು ಬರೆಯಲಿ. ಎಲ್ಲಿ ಸಂಕ ಕೊಚ್ಚಿಹೋಗಿದೆ, ಎಲ್ಲಿ ಬಸ್ಸು ನಿಂತುಹೋಗಿದೆ ಎಂಬುದನ್ನೂ ಗುರುತಿಸಲಿ. ಹತ್ತು ಊರುಗಳ ಇಂಥ ಪುಟಗಳನ್ನು ಜೋಡಿಸಿದರೆ ಯಾವ ಸರ್ಕಾರಿ ಭೂಪಟದಲ್ಲಿಯೂ ಇಲ್ಲದ ದೂರಗಳು ಕಾಣಸಿಗುತ್ತವೆ.

ಅಕ್ಕಿಪೇಟೆಗೆ ಬರುತ್ತಿದ್ದ ಗಾಡಿಯವನಿಗೆ ಎಷ್ಟು ದೂರ ಎಂಬ ಪ್ರಶ್ನೆಯೂ ಏನು ವೆಚ್ಚ ಎಂಬ ಪ್ರಶ್ನೆಯೂ ಬೇರೆಬೇರೆಯಾಗಿರಲಿಲ್ಲ. ತನ್ನ ಎತ್ತುಗಳ ಬಳಲಿಕೆ ಅವನ ಕಣ್ಣೆದುರಿಗೇ ಇತ್ತು. ವಿಮಾನದ ಕಿಟಕಿಯಿಂದ ಆ ಬಳಲಿಕೆ ಕಾಣುವುದಿಲ್ಲ. ಅದು ಆಷಾಢದಲ್ಲಿ ಹೊಳವು ಸಿಗದ ತೋಟದಲ್ಲಿ, ಶ್ರಾವಣದಲ್ಲಿ ಜರಿಯುವ ಗುಡ್ಡದಲ್ಲಿ ಕಾಣುತ್ತದೆ. ಅಲ್ಲಿ ಬದುಕುವವರು ಅದನ್ನು ಬರೆದಿಡದಿದ್ದರೆ ಬರೆಯುವವರು ಬೇರೆ ಯಾರೂ ಇಲ್ಲ. ಈ ಮಳೆಗಾಲ ಮುಗಿಯುವುದರೊಳಗೆ ಊರಿಗೊಂದಾದರೂ ಅಂಥ ವಹಿ ಸಿದ್ಧವಾಗಲಿ.